ಬೇಳೆ ಕೌಂಟರಿನ ಕಳವು

ಕಾರ್ತಿಕ ಮಾಸ, ರಾಗಿ ಕೊಯ್ಲಿಗೆ ಆಳು ಸಿಗದೆ ಜನ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ತಿರುಗುವ ಕಾಲ. ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಡೂರು ಠಾಣೆಗೆ ದೂರು ಬಂತು. ತಂದವನು ಹೃಷಿಕೇಶ, ಬಸ್ ಸ್ಟ್ಯಾಂಡ್ ಹತ್ತಿರದ ‘ಮನೆತುಂಬು ಮಾರ್ಟ್’ನ ಮ್ಯಾನೇಜರು. ಬಿಡಿ ಧಾನ್ಯದ ಕೌಂಟರಿನಲ್ಲಿ ಬೇಳೆ, ಸಕ್ಕರೆ, ಕಡ್ಲೆ ನಾಲ್ಕು ತಿಂಗಳಿಂದ ಕಮ್ಮಿ ಬೀಳುತ್ತಿದೆ, ತಿಂಗಳಿಗೆ ಎರಡು ಕ್ವಿಂಟಾಲ್ ಹತ್ತಿರ. ಅನುಮಾನ ಅಲ್ಲಿ ಕೆಲಸಕ್ಕಿರುವ ಸೌಮ್ಯಳ ಮೇಲೆ ಎಂದು ಬರೆದಿತ್ತು.

ಸಬ್ ಇನ್ಸ್‌ಪೆಕ್ಟರ್ ಸಿದ್ದೇಶ್ ಎಫ್‌ಐಆರ್ ಹಾಕಿಸಿ ಹೆಡ್ ಕಾನ್‌ಸ್ಟೇಬಲ್ ಹಾಲಮ್ಮನನ್ನು ಕರೆದರು. ಹಾಲಮ್ಮ ಇಲಾಖೆಯಲ್ಲಿ ತಲೆ ನರೆಸಿಕೊಂಡವಳು. ಕೇಳುವುದನ್ನು ನಿಂತ ಕಾಲಲ್ಲೇ ಕೇಳುವಳು.

“ಆ ಹುಡುಗೀನೇ ಅಂತ ಹೆಂಗೆ ಹೇಳ್ತೀರಿ?”

“ಗೋಡೌನಿಂದ ಮೂಟೆ ತರೋಳು ಅವಳೇ ಮೇಡಂ. ಡಬ್ಬಕ್ಕೆ ತುಂಬೋಳೂ ಅವಳೇ.”

“ಕ್ಯಾಮೆರಾ ಇಲ್ವಾ?”

“ಹದಿನಾರಿವೆ. ಏನೂ ಕಾಣಲ್ಲ.”

“ಹದಿನಾರು ಕಣ್ಣು ತಪ್ಪಿಸಿ ಎರಡು ಕ್ವಿಂಟಾಲ್ ಬೇಳೆ ಹೋಯ್ತಾ? ಸೆರಗಲ್ಲಿ ಕಟ್ಕೊಂಡು ಹೋದ್ಲೇನ್ರೀ?”

ಹೃಷಿಕೇಶ ನಗಲಿಲ್ಲ. “ಕಮ್ಮಿ ಬಿದ್ದಿದ್ದನ್ನ ಎಲ್ಲರ ಸಂಬಳದಲ್ಲಿ ಹಿಡೀತಾರೆ, ನನ್ನದ್ರಲ್ಲೂ. ಬೆಂಗಳೂರು ಆಫೀಸಿಂದ ದಿನಾ ಫೋನು. ಒಂದು ಹೆಸರು ಕೊಡು ಅಂತಾರೆ.”

“ನೀವೂ ಒಂದು ಹೆಸರು ಕೊಟ್ರಿ.”

ಸೌಮ್ಯ ಹಿರೇನಲ್ಲೂರಿನವಳು. ಮಾರ್ಟಿನ ಹಿಂದುಗಡೆ ಖಾಲಿ ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಹಾಲಮ್ಮ ಪಕ್ಕದಲ್ಲಿ ಕೂತಳು.

“ಬ್ಯಾಗು ತೋರಿಸದೆ ಒಂದಿನಾನೂ ಹೊರಗೆ ಹೋಗಿಲ್ಲ ಮೇಡಂ,” ಅಂದಳು ಹುಡುಗಿ. “ಒಪ್ಕೊಂಡು ಸಹಿ ಹಾಕು, ಕೆಲಸದಿಂದ ಮಾತ್ರ ತೆಗೀತೀವಿ ಅಂದ್ರು. ಸಹಿ ಹಾಕಿದ್ರೆ ಕಳ್ಳಿ ಅಂತಾಯ್ತಲ್ಲ, ಊರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಜೊತೆಯವರು ಏನಂತಾರೆ?”

“ಸಂಬಳ ಹೋಗ್ತಿರೋದು ನನ್ನಿಂದ ಅಂತ ಯಾರೂ ಮಾತಾಡಲ್ಲ. ತೂಕ ಹಾಕ್ತಾರಲ್ಲ, ಮೂರ್ತಿ ತಾತ, ಅವರೊಬ್ಬರೇ ನೀನು ಮುಟ್ಟಿಲ್ಲ ಅಂತ ನಂಗೊತ್ತು ಕಣಮ್ಮ ಅಂತಾರೆ.”

ಮಾರನೇ ದಿನ ಹಿರೇನಲ್ಲೂರಿನ ಮನೆ ಶೋಧಿಸಿದರು. ಸಿಕ್ಕಿದ್ದು ಹುಡುಗಿಯ ತಾಯಿಯ ಬೈಗುಳ ಮಾತ್ರ. ಗೋಡೌನಿಗೆ ಬಂದ ಲಾರಿಗಳ ತೂಕವೂ ಸರಿಯಿತ್ತು. ಹಂಗಾದರೆ ಬೇಳೆ ಹೋಗುತ್ತಿರುವುದು ಮುಂಬಾಗಿಲಿನಿಂದಲೇ ಇರಬೇಕು.

ಬುಧವಾರ ಹಾಲಮ್ಮ ಮಾಮೂಲಿ ಸೀರೆ ಉಟ್ಟು, ಚೀಲ ಹಿಡಿದು ಗಿರಾಕಿಯಂತೆ ಒಳಗೆ ಹೋದಳು. ಬೇಳೆ ಕೌಂಟರಿನಲ್ಲಿ ಎರಡು ತೂಕದ ಮಿಷನ್ನು. ಒಂದರ ಮುಂದೆ ಸ್ಫೂರ್ತಿ ಎಂಬ ಹುಡುಗಿ ಆಕಳಿಸುತ್ತಿದ್ದಳು. ಇನ್ನೊಂದರ ಮುಂದೆ ಹತ್ತು ಹೆಂಗಸರ ಸಾಲು. ಆ ಮಿಷನ್ನಿನ ಹಿಂದೆ ಬಿಳಿ ಕೂದಲಿನ ಶ್ರೀನಿವಾಸಮೂರ್ತಿ, ಸೌಮ್ಯ ಹೇಳಿದ ಮೂರ್ತಿ ತಾತ.

“ಆ ಕಡೆ ಖಾಲಿ ಇದೆಯಲ್ಲಕ್ಕ?” ಹಾಲಮ್ಮ ಮುಂದಿದ್ದವಳನ್ನು ಕೇಳಿದಳು.

“ನಿಮ್ಮನೇಲಿ ಬೇಳೆ ಹೆಚ್ಚಾಗಿದ್ರೆ ಅಲ್ಲಿಗೇ ಹೋಗಿ.”

ಹಿಂದಿದ್ದವಳು ಕಿಸಕ್ಕೆಂದಳು. “ತಾತನ ಕೈ ಧಾರಾಳ ಕಣ್ರೀ. ಸುಮ್ನೆ ನಿಂತ್ಕೊಳ್ಳಿ, ಸಾರಬೇಡಿ.”

ಸರದಿ ಬಂತು. ಒಂದು ಕಿಲೋ ತೊಗರಿಬೇಳೆ. ಮಿಷನ್ನು ತೂಗಿತು, ಚೀಟಿ ಬಂತು, ಮೂರ್ತಿ ಅದನ್ನು ಕವರಿಗೆ ಅಂಟಿಸಿದರು. “ಮನೇಲಿ ಎಲ್ಲ ಸೌಖ್ಯವಾ ತಾಯಿ?” ಎನ್ನುತ್ತಲೇ, ಕಣ್ಣು ಹಾಲಮ್ಮನ ಮುಖದ ಮೇಲಿದ್ದ ಹಾಗೆಯೇ, ಬಲಗೈ ಡಬ್ಬಕ್ಕೆ ಹೋಗಿ ಒಂದು ಹಿಡಿ ತಂದು ಕವರಿಗೆ ಸುರಿದು ಗಂಟು ಹಾಕಿತು.

ಹಾಲಮ್ಮ ನೇರ ಅಡಿಕೆ ಮಂಡಿಗೆ ಹೋಗಿ ಆ ಕವರನ್ನು ಬೇರೆ ತಕ್ಕಡಿಗೆ ಹಾಕಿಸಿದಳು. ಒಂದು ಕಿಲೋ ಐವತ್ತು ಗ್ರಾಂ. ಕೊಸರು! ಸಂತೆಯಲ್ಲಿ, ಹಳೇ ಅಂಗಡಿಗಳಲ್ಲಿ ತೂಕವಾದ ಮೇಲೆ ಹಾಕುವ ಒಂದು ಹಿಡಿ. ಅದನ್ನು ಹಾಕದ ಅಂಗಡಿಗೆ ಹಾಲಮ್ಮನ ಅವ್ವ ಎರಡನೇ ಸಲ ಕಾಲಿಡುತ್ತಿರಲಿಲ್ಲ.

ಕ್ಯಾಮೆರಾದ ಚಿತ್ರ ಮತ್ತೆ ಹಾಕಿಸಿದರು. ನಾಲ್ಕು ತಿಂಗಳೂ ಆ ಕೈ ಡಬ್ಬಕ್ಕೆ ಹೋಗುತ್ತಿತ್ತು, ಬರುತ್ತಿತ್ತು. ಕಂಡಿಲ್ಲ ಎನ್ನುವಂತಿರಲಿಲ್ಲ. ಕಳ್ಳತನ ಮುಚ್ಚುಮರೆಯಲ್ಲೇ ಇರುತ್ತದೆ ಎಂದು ಎಲ್ಲರೂ ಮೂಲೆಗಳನ್ನೇ ಹುಡುಕಿದ್ದರು.

ಗುರುವಾರ ಮಧ್ಯಾಹ್ನ ಇಬ್ಬರು ಪಂಚರನ್ನು ಕರೆಸಿ, ಬಾಗಿಲಲ್ಲಿ ಗಿರಾಕಿಗಳ ಕವರು ತೂಗಿಸಿ ಪಂಚನಾಮೆ ಮಾಡಿದರು. ಸ್ಫೂರ್ತಿ ಕಟ್ಟಿದ್ದು ಸರಿಯಾಗಿತ್ತು, ಮೂರ್ತಿ ಕಟ್ಟಿದ್ದೆಲ್ಲ ಹೆಚ್ಚು. ಒಬ್ಬಾಕೆ ಕವರನ್ನು ಎದೆಗೆ ಅವಚಿಕೊಂಡಳು.

“ಕಿತ್ಕೋತೀರೇನ್ರೀ? ನಾವೇನು ಕೇಳಿದ್ವಾ?”

“ಕೇಳಲಿಲ್ಲ. ಬೇಡ ಅಂದ್ರಾ?”

ಆಕೆ ಹಾಲಮ್ಮನನ್ನು ದುರುಗುಟ್ಟಿ ನೋಡಿ ಹೊರಟುಹೋದಳು.

ಮ್ಯಾನೇಜರನ ಕೋಣೆಗೆ ಮೂರ್ತಿಯನ್ನು ಕರೆದರು. ಸೌಮ್ಯ ಬಾಗಿಲ ಹತ್ತಿರ ನಿಂತಿದ್ದಳು.

“ತೂಕ ಆದ್ಮೇಲೆ ಒಂದು ಹಿಡಿ ಹಾಕ್ತೀರಾ?” ಸಿದ್ದೇಶ್ ಕೇಳಿದರು.

“ಹಾಕ್ತೀನಿ ಸ್ವಾಮಿ. ಕೊಸರು.”

“ಹಾಕಿ ಅಂತ ಯಾರು ಹೇಳಿದ್ರು?”

“ಹೇಳೋದೇನು ಬಂತು? ಅಜ್ಜಂಪುರದಲ್ಲಿ ಮೂವತ್ತು ವರ್ಷ ಅಂಗಡಿ ಇಟ್ಟಿದ್ದೆ. ಕೊಸರು ಹಾಕ್ದೆ ಪೊಟ್ಟಣ ಕಟ್ಟಿಲ್ಲ.”

“ಅದು ನಿಮ್ಮಂಗಡಿ. ಇದು ಯಾರ್ದು?”

“ಯಜಮಾನ ಯಾರೋ, ನಾನು ಕಂಡಿಲ್ಲ. ಇಲ್ಲಿ ಯಾರೂ ಕಂಡಿಲ್ಲ.”

ಹಾಲಮ್ಮ ಹತ್ತಿರ ಬಂದಳು. “ಮೂರ್ತಿಗಳೇ, ದಿನಕ್ಕೆ ನೂರೈವತ್ತು ಜನಕ್ಕೆ ಕಟ್ತೀರಿ. ಆ ಹಿಡಿ ಎಲ್ಲ ಸೇರಿ ತಿಂಗಳಿಗೆ ಎರಡು ಕ್ವಿಂಟಾಲ್. ಈ ಹುಡುಗಿ ತಲೆ ಮೇಲೆ ಬಂದಿರೋದು ಅದೇ ಬೇಳೆ.”

ಮೂರ್ತಿ ಸೌಮ್ಯಳ ಕಡೆ ತಿರುಗಿದರು. ನಾಲ್ಕು ತಿಂಗಳು ಆ ಹುಡುಗಿಯನ್ನು ಸಮಾಧಾನ ಮಾಡಿದವರು. ಕದ್ದವನು ಬೇರೆ ಯಾರೋ, ಇಂದಲ್ಲ ನಾಳೆ ಸಿಗುತ್ತಾನೆ ಎಂದೇ ನಂಬಿದ್ದವರು.

“ಹಂಗಾದ್ರೆ ಇವಳನ್ನ ಕಳ್ಳಿ ಮಾಡಿದ್ದು ನಾನಾ?”

ಹೃಷಿಕೇಶ ಗೋಡೆ ನೋಡುತ್ತಿದ್ದ. ಮೂರ್ತಿ ಮಾರ್ಟಿನ ಹೆಸರಿದ್ದ ಮೇಲಂಗಿ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟರು. ಸೌಮ್ಯಳ ಮುಂದೆ ಒಂದು ಕ್ಷಣ ನಿಂತು ಕೈ ಮುಗಿದರು. ಹುಡುಗಿ ಅಳುತ್ತ ಆ ಕೈಗಳನ್ನು ಹಿಡಿದು ಇಳಿಸಿದಳು. ಜೀಪಿಗೆ ಅವರೇ ಮುಂದಾಗಿ ಹೋಗಿ ಹತ್ತಿದರು. ಮೂರು ಗಂಟೆ ಹತ್ತು ನಿಮಿಷಕ್ಕೆ ದಸ್ತಗಿರಿ ಎಂದು ಸಿದ್ದೇಶ್ ಬರೆದರು.

ಹೇಳಿಕೆ ಬರೆದುಕೊಂಡದ್ದು ಹಾಲಮ್ಮ. ಊರಿಗೆ ದೊಡ್ಡ ಅಂಗಡಿ ಬಂದ ಮೇಲೆ ಮೂರ್ತಿಯ ಅಂಗಡಿಗೆ ಸಾಲ ಹೇಳುವವರು ಮಾತ್ರ ಬರತೊಡಗಿ, ಕೊನೆಗೆ ಅದರ ಬಾಗಿಲು ಮುಚ್ಚಿತು. ನಾಲ್ಕು ತಿಂಗಳ ಹಿಂದೆ ಮಾರ್ಟಿನವರು ತಕ್ಕಡಿಯ ಮುಂದೆ ನಿಲ್ಲಿಸುತ್ತೇವೆ ಅಂದಾಗ ಆತ ಖುಷಿಯಾಗಿಯೇ ಬಂದದ್ದು. “ಬರೀ ತೂಕ ಕೊಟ್ರೆ ಕೊಟ್ಟಂಗೇ ಆಗಲ್ಲ ತಾಯಿ. ಎದುರಿಗಿರೋರ ಮುಖ ನೋಡೋಕೆ ಆಗಲ್ಲ. ಅದು ಕಳವು ಅಂತ ನನ್ನ ಕೈಗೆ ತಿಳೀಲೇ ಇಲ್ಲ.” ಹಾಲಮ್ಮ ಒಂದಕ್ಷರ ತಿದ್ದದೆ ಬರೆದಳು. ಶುಕ್ರವಾರ ಜಾಮೀನಾಯಿತು. ಹೆಂಡತಿ ಜಾನಕಮ್ಮ ಬಂದು ಗಂಡನನ್ನು ಅಜ್ಜಂಪುರದ ಬಸ್ಸಿಗೆ ಹತ್ತಿಸಿಕೊಂಡು ಹೋದರು.

ಕೇಸಿನಿಂದ ಸೌಮ್ಯಳ ಹೆಸರು ಕೈಬಿಟ್ಟರು. ಹೃಷಿಕೇಶ ತಪ್ಪಾಯ್ತೆಂದು ಹೇಳಿ ಅವಳನ್ನೇ ಮೂರ್ತಿಯ ಮಿಷನ್ನಿಗೆ ಹಾಕಿದ.

ಮೂರು ವಾರದ ಮೇಲೆ ಹಾಲಮ್ಮನಿಗೆ ಅವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಕೈಯಲ್ಲಿ ಬಟ್ಟೆಯ ಚೀಲ.

“ಇವತ್ತು ಡ್ಯೂಟಿ ಇಲ್ವೇನೇ?”

“ಬಿಟ್ಬಿಟ್ಟೆ ಮೇಡಂ. ತರೀಕೆರೆಲಿ ಒಂದು ಹೊಲಿಗೆ ಅಂಗಡಿ ಇದೆ, ಅಲ್ಲಿಗೆ ಹೋಗ್ತಿದೀನಿ.”

“ಮತ್ತೇನಾದ್ರೂ ಅಂದ್ರಾ ಅವರು?”

“ಅವರಲ್ಲ, ಗಿರಾಕಿಗಳು. ಚೀಟಿ ಅಂಟಿಸಿ ಕೊಟ್ರೂ ಕದಲಲ್ಲ, ನನ್ನ ಕೈ ನೋಡ್ಕೊಂಡು ನಿಂತಿರ್ತಾರೆ. ಮುದುಕನ್ನ ಹಿಡಿಸಿ ಕೊಟ್ಟು ಅವನ ಜಾಗ ಹೊಡೆದ್ಲು ಅಂತ ನನಗೆ ಕೇಳಿಸೋ ಹಾಗೇ ಆಡ್ಕೋತಾರೆ.”

ತರೀಕೆರೆ ಬಸ್ಸು ಬಂತು. ಸೌಮ್ಯ ಹತ್ತಿ ಕಿಟಕಿ ಪಕ್ಕ ಕೂತಳು. ಅವಳು ಕಡೂರು ಬಿಟ್ಟದ್ದು ಮಾರ್ಗಶಿರದ ಎರಡನೇ ಗುರುವಾರ.