ಮುನ್ನೂರು ಹೆಬ್ಬಾತುಗಳ ನಡುವೆ ರಾಣಿಯ ತವರು

ಬಹಳ ಹಿಂದೆ, ಪಿರಮಿಡ್ಡುಗಳ ಕಲ್ಲು ಇನ್ನೂ ಹೊಸದಾಗಿ ಹೊಳೆಯುತ್ತಿದ್ದ ಕಾಲದಲ್ಲಿ, ಐಗುಪ್ತ ದೇಶದ ನೈಲ್ ನದಿಯ ದಂಡೆಯಲ್ಲಿ ಹಾಪು ಎಂಬ ಹೆಬ್ಬಾತು ಕಾಯುವವನಿದ್ದ. ಅವನ ಹೆಂಡತಿ ಸೆನ್ನು. ಅವರಿಗೊಬ್ಬಳೇ ಮಗಳು, ತಾಮಿತ್. ಒಂದು ಮಣ್ಣಿನ ಮನೆ, ಒಂದು ಒಲೆ, ಬಾಗಿಲಿಗೆ ನದಿ. ಇದ್ದದ್ದು ಅಷ್ಟೇ. ಆದರೆ ಸೆನ್ನು ರೊಟ್ಟಿ ಸುಟ್ಟಾಗ ಮೊದಲ ತುಂಡನ್ನು ಎಂದೂ ತನ್ನ ಬಾಯಿಗಿಟ್ಟವಳಲ್ಲ. ಮುರಿದು, ಊದಿ ಆರಿಸಿ, ಮಗಳ ಅಂಗೈಯಲ್ಲಿಡುತ್ತಿದ್ದಳು. ಹಾಪುವೋ, ಹೆಂಡತಿ ಉಣ್ಣುವ ತನಕ ತನ್ನ ಪಾಲನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದ.

ಒಂದು ದಿನ ದೊರೆ ಬೇಟೆಗೆ ಬಂದ, ತಾಮಿತಳನ್ನು ಕಂಡ, ಮದುವೆಯಾದ. ಕತೆಯಲ್ಲಿ ಇಂಥವು ಬೇಗ ಆಗಿಬಿಡುತ್ತವೆ, ಬಿಡಿ. ಆ ಅರಸುಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಸ ರಾಣಿಯ ತಂದೆತಾಯಿಯ ಹೆಸರನ್ನು ಕಲ್ಲಿನ ಜೀರುಂಡೆಗಳ ಹೊಟ್ಟೆಯ ಮೇಲೆ ಕೆತ್ತಿಸಿ ನಾಲ್ಕು ದಿಕ್ಕಿಗೂ ಕಳಿಸಬೇಕು. ಹಾಗೆ ಹಾಪು, ಸೆನ್ನು ಎಂಬ ಹೆಸರುಗಳು ಅವರು ಕಾಣದ ಊರುಗಳಿಗೆಲ್ಲ ಹೋದವು.

ಅರಮನೆಯ ಮಾಂತ್ರಿಕ ಉಬೆನನಿಗೆ ಇದನ್ನು ನೋಡಿ ಹೊಟ್ಟೆ ಉರಿಯಿತು. ತನ್ನ ಅಣ್ಣನ ಮಗಳೇ ರಾಣಿಯಾಗಬೇಕೆಂದು ಅವನು ಲೆಕ್ಕ ಹಾಕಿದ್ದ. "ಬಾತು ಕಾಯುವವನ ಹೆಸರು ದೊರೆಯ ಕಲ್ಲಿನ ಮೇಲೆ ಬಂತಲ್ಲ" ಎಂದು ಹಲ್ಲು ಕಡಿದ. ಹತ್ತು ವರ್ಷ ಒಳಗೊಳಗೇ ಕುದಿದ.

ತಾಮಿತಳಿಗೆ ಇಪಿ ಎಂಬ ಮಗಳು ಹುಟ್ಟಿದಳು. ಅರಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಪ್ರತಿವರ್ಷ ನದಿಗೆ ಹೊಸನೀರು ಬಂದಾಗ ರಾಣಿಯ ಮನಸ್ಸು ತವರಿನತ್ತ ಎಳೆಯುತ್ತಿತ್ತು. ಆ ವರ್ಷ ಅವ್ವನಿಗೆಂದು ತಾನೇ ರೊಟ್ಟಿ ಸುಟ್ಟು, ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಹೋಗಿ ನೋಡಿದರೆ ಒಲೆ ತಣ್ಣಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಉಬೆನ್ ಕೂತಿದ್ದ.

"ನಿನ್ನ ಹೆತ್ತವರು ನದಿಯ ನಡುವಿನ ದ್ವೀಪದಲ್ಲಿ ಹೆಬ್ಬಾತುಗಳಾಗಿದ್ದಾರೆ, ರಾಣಿ. ಒಬ್ಬಳೇ ಬಾ. ಹೊತ್ತು ಮುಳುಗುವುದರೊಳಗೆ ಗುರುತು ಹಿಡಿದರೆ ನಿನ್ನವರು. ತಪ್ಪಿದರೆ ನಾಳೆ ಹಬ್ಬದ ಅಡುಗೆಗೆ" ಎಂದು ಹೇಳಿ ಮಾಯವಾದ.

ತಾಮಿತ್ ಓಡೋಡಿ ನದಿಗೆ ಬಂದಳು. ನೀರಿನಿಂದ ಒಂದು ಮುದಿ ಮೊಸಳೆ ತಲೆಯೆತ್ತಿತು.

"ನನಗೆ ತವರಿಲ್ಲ ತಾಯಿ. ಮೊಟ್ಟೆಯೊಡೆದ ದಿನದಿಂದ ಒಂಟಿ. ನಿನ್ನ ತವರಿನ ಒಂದು ನೆನಪು ಕೊಡು, ದಾಟಿಸುತ್ತೇನೆ. ಎಲ್ಲಕ್ಕಿಂತ ಸಿಹಿಯಾದದ್ದು ಬೇಕು. ಕೊಟ್ಟದ್ದು ತಿರುಗಿ ಬರುವುದಿಲ್ಲ, ಮೊದಲೇ ಹೇಳಿದ್ದೇನೆ."

ರಾಣಿ ಕಣ್ಣು ಮುಚ್ಚಿ ಅವ್ವನ ಒಲೆಯನ್ನೂ ಬಿಸಿ ರೊಟ್ಟಿಯನ್ನೂ ಅಂಗೈಗೆ ಬರುತ್ತಿದ್ದ ಮೊದಲ ತುಂಡನ್ನೂ ಕೊಟ್ಟುಬಿಟ್ಟಳು. ದಡ ಸೇರಿದಾಗ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ರೊಟ್ಟಿಯನ್ನು ಏಕೆ ತಂದೆನೆಂಬುದೇ ಅವಳಿಗೆ ಹೊಳೆಯಲಿಲ್ಲ.

ದ್ವೀಪದಲ್ಲಿ ಜೊಂಡಿನ ನಡುವೆ ಒಂದೇ ದಾರಿ. ದಾರಿಗೆ ಅಡ್ಡಲಾಗಿ ಸಿಂಹ ಮಲಗಿತ್ತು.

"ನನಗೂ ತವರಿಲ್ಲ. ನನಗೊಂದು ನೆನಪು ಕೊಡು. ಕಿವಿಗೆ ಇಂಪಾದದ್ದು" ಎಂದಿತು.

ಅವಳಲ್ಲಿದ್ದದ್ದು ಅಪ್ಪನ ಕೂಗು. ಸಂಜೆ ದಂಡೆಯ ಮೇಲೆ ನಿಂತು ಹಾಪು ರಾಗವಾಗಿ ಕೂಗಿದರೆ ಎಲ್ಲಿದ್ದ ಹೆಬ್ಬಾತುಗಳೂ ಬಂದುಬಿಡುತ್ತಿದ್ದವು. ಅದೇ ಕೂಗು ಹಾಕಿ ಅಪ್ಪನನ್ನು ಕರೆಯೋಣವೆಂದು ಅವಳು ಎಣಿಸಿದ್ದಳು. ಅದನ್ನು ಕೊಟ್ಟರೆ ಗುರುತು ಹಿಡಿಯುವುದು ಹೇಗೆ? ಕೊಡದಿದ್ದರೆ ಮುಂದೆ ಹೋಗುವುದು ಹೇಗೆ? ರಾಣಿ ಕೆಸರಲ್ಲೇ ಕೂತು ಅತ್ತಳು. ಅತ್ತು, ಕೊಟ್ಟು, ಎದ್ದು ನಡೆದಳು.

ಕೊನೆಗೆ ಬೇಲಿ ಬಂತು. ಒಳಗೆ ಮುನ್ನೂರು ಹೆಬ್ಬಾತುಗಳು. ಎಲ್ಲಕ್ಕೂ ಅದೇ ಕತ್ತು, ಅದೇ ಕೊಕ್ಕು, ಅದೇ ಗಲಾಟೆ. ಉಬೆನ್ ಬೇಲಿಗೊರಗಿ ನಗುತ್ತಿದ್ದ.

"ಮೂರು ದಿನದಿಂದ ಇವಕ್ಕೆ ಕಾಳು ಹಾಕಿಲ್ಲ. ಹುಡುಕು ರಾಣಿ, ಹುಡುಕು" ಎಂದ.

ತಾಮಿತ್ ಒಂದೊಂದನ್ನೂ ದಿಟ್ಟಿಸಿದಳು. ಒಂದೂ ಅವ್ವನಂತೆ ಕಾಣಲಿಲ್ಲ, ಒಂದೂ ಅಪ್ಪನಂತೆ ಕಾಣಲಿಲ್ಲ. ಹೊತ್ತು ಇಳಿಯತೊಡಗಿತು. ಪಾಪ, ಹಸಿದ ಬಾಯಿಗಾದರೂ ಆಗಲಿ ಎಂದು ಗಂಟು ಬಿಚ್ಚಿ ರೊಟ್ಟಿ ಮುರಿದು ಎಸೆದಳು. ಹೆಬ್ಬಾತುಗಳು ಒಂದರ ಮೇಲೊಂದು ಬಿದ್ದು ಕಿತ್ತಾಡಿದವು.

ಒಂದು ಬಡಕಲು ಬೂದು ಹೆಬ್ಬಾತು ಮಾತ್ರ ಒಂದು ತುಂಡನ್ನು ಕೊಕ್ಕಿನಲ್ಲಿ ಹಿಡಿದು, ನುಂಗದೆ, ಕುಂಟುತ್ತ ಗುಂಪು ದಾಟಿ ಬಂತು. ಬಂದು ತುಂಡನ್ನು ರಾಣಿಯ ಅಂಗೈಯಲ್ಲಿಟ್ಟಿತು. ಅದರ ಹಿಂದೆಯೇ ಇನ್ನೊಂದು ಬಂತು. ಅದರ ಕೊಕ್ಕಿನಲ್ಲೂ ತುಂಡಿತ್ತು. ಅದು ಬೂದು ಹೆಬ್ಬಾತಿನ ಮುಖ ನೋಡುತ್ತ ಸುಮ್ಮನೆ ನಿಂತಿತು.

ರಾಣಿಗೆ ಏನೂ ನೆನಪಾಗಲಿಲ್ಲ. ಆದರೂ ಎರಡೂ ತೋಳು ಚಾಚಿದಳು. ಎರಡನ್ನೂ ಬಾಚಿ ಎದೆಗೊತ್ತಿಕೊಂಡಳು.

"ಇವರೇ" ಎಂದಳು.

"ಹೇಗೆ ಹೇಳುತ್ತೀ?" ಉಬೆನನ ನಗು ನಿಂತಿತ್ತು.

"ಗೊತ್ತಿಲ್ಲ. ಮೂರು ದಿನ ಹಸಿದೂ ಬಾಯಿಗೆ ಬಂದದ್ದನ್ನು ನನಗೆ ಕೊಡುವವರು ಇನ್ಯಾರಿದ್ದಾರೆ?"

ಮಾತು ಮುಗಿಯುವುದರೊಳಗೆ ಮಂತ್ರ ಕಳಚಿತು. ಅವಳ ತೋಳಿನಲ್ಲಿ ಸೆನ್ನು ಇದ್ದಳು, ಪಕ್ಕದಲ್ಲಿ ಹಾಪು ಇದ್ದ. ಕಳಚಿದ ಮಂತ್ರ ಎಲ್ಲಿಗಾದರೂ ಹೋಗಬೇಕಲ್ಲ, ಹೋಗಿ ಉಬೆನನನ್ನೇ ಹಿಡಿಯಿತು. ಅವನು ಹೆಬ್ಬಾತಾಗಿ ಹಾಪುವಿನ ಹಿಂಡು ಸೇರಿದ. ಬಿತ್ತಿದ್ದನ್ನೇ ಬೆಳೆದ. ಹಾಪು ಒಳ್ಳೆಯವನು, ಅವನಿಗೂ ಹೊತ್ತುಹೊತ್ತಿಗೆ ಕಾಳು ಹಾಕಿದ.

ಕೊಟ್ಟ ನೆನಪುಗಳು ಮಾತ್ರ ತಿರುಗಿ ಬರಲಿಲ್ಲ. "ಅವ್ವ, ನಾನು ಚಿಕ್ಕವಳಿದ್ದಾಗ ಹೇಗಿತ್ತು ಹೇಳು" ಎಂದು, ಮುಂದಿನ ಸಲ ಇಪಿಯೊಂದಿಗೆ ತವರಿಗೆ ಬಂದಾಗ ರಾಣಿ ಕೇಳಿದಳು. "ಹೇಳುವುದೇನು ಮಗಾ, ಕೂತುಕೋ" ಎಂದು ಸೆನ್ನು ಅದೇ ಹಳೆಯ ಒಲೆ ಹಚ್ಚಿದಳು. ರೊಟ್ಟಿ ಸುಟ್ಟು, ಮುರಿದು, ಊದಿ ಆರಿಸಿ, ಮೊದಲ ತುಂಡನ್ನು ಮಗಳ ಅಂಗೈಯಲ್ಲಿಟ್ಟಳು. ತಾಮಿತ್ ಅದನ್ನು ಬಾಯಿಗಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಇಪಿಯ ಪುಟ್ಟ ಅಂಗೈಯನ್ನು ಬಿಡಿಸಿ ಅದರಲ್ಲಿಟ್ಟಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸೆನ್ನು ಕಣ್ಣೊರೆಸಿಕೊಂಡು ಇನ್ನೊಂದು ತುಂಡು ಮುರಿದಳು. ಅಲ್ಲಿ ಅವರ ಒಲೆ ಮತ್ತೆಂದೂ ಆರಲಿಲ್ಲ, ಇಲ್ಲಿ ನಮ್ಮದೂ ಆರದಿರಲಿ.