ಅಮಿ, ಅಮೀ

"ಇವರೆಲ್ಲ ಯಾಕೆ ಬಂದ್ರು?" ಬಾಗಿಲು ತೆರೆದ ಒದೀಲ್ ಪಿಸುಗುಟ್ಟಿದಳು.

ಹುಡುಗಿಯರೆಲ್ಲ ಆಗಲೇ ಒಳಗಿದ್ದರು; ಮೆಟ್ಟಿಲ ಮೇಲೆ ಕ್ಲಾಸಿನ ಐದು ಜನ ಹುಡುಗರು ನಿಂತಿದ್ದರು. ಮುಂದೆ ತಿಬೋ, ಕೈಯಲ್ಲಿ ಉಡುಗೊರೆ ಹಿಡಿದು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ.

"ನಿನ್ನ ಬರ್ತ್‌ಡೇಗೆ ಅಮಿ ಎಲ್ಲರನ್ನೂ ಕರಿ ಅಂದೆಯಲ್ಲ, ಕರೆದೆ," ಅಂದಳು ಪಕ್ಕದಲ್ಲಿದ್ದ ಕ್ಲೆಲಿ.

"ಅಮಿ ಅಲ್ಲ ಕಣೇ. ಅಮೀ ಅಂದಿದ್ದೆ."

"ನಾನೂ ಅದನ್ನೇ ಹೇಳ್ತಿರೋದು."

ಹುಡುಗರು ಕಿಸಕ್ಕನೆ ನಕ್ಕರು. "ಪ್ಯಾರಿಸ್ ಕಿವಿ ಕಣ್ರೋ," ಅಂದ ಒಬ್ಬ.

ಲಿಯೇಜ್ ಹತ್ತಿರದ ಆ ಊರಿನ ಫ್ರೆಂಚ್‌ನಲ್ಲಿ ಅಮಿ ಅಂದರೆ ಗೆಳೆಯರು; ಎಳೆದು ಅಮೀ ಅಂದರೆ ಗೆಳತಿಯರು. ಹೋದ ತಿಂಗಳಷ್ಟೇ ಪ್ಯಾರಿಸ್‌ನಿಂದ ಬಂದ ಕ್ಲೆಲಿಗೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು.

ಒದೀಲ್ ಮುಖ ಗಂಟಿಕ್ಕಿಕೊಂಡಳು. ತಿಬೋ ಉಡುಗೊರೆಯನ್ನು ಮೆಟ್ಟಿಲ ಮೇಲಿಟ್ಟ. "ನಾವು ಹೊರಡ್ತೀವಿ ಬಿಡು," ಅಂದ. ಅವನ ಕಿವಿ ಕೆಂಪಾಗಿತ್ತು. ಈ ಊರಿನಲ್ಲಿ ಕ್ಲೆಲಿಗೆ ಸಿಕ್ಕಿದ್ದು ಒದೀಲ್ ಒಬ್ಬಳೇ ಗೆಳತಿ.

"ಯಾರೋ ಅದು ಹೊರಡೋರು?" ಒದೀಲಳ ಅಜ್ಜಿ ಹಿಟ್ಟಿನ ಕೈಯಲ್ಲೇ ಬಂದರು. "ಶೂ ಬಿಚ್ಚಿ ಒಳಗೆ ಬನ್ನಿ. ವಾಫಲ್ ಹಿಟ್ಟು ಇನ್ನೊಂದು ಸಲ ಕಲಸಿದ್ರಾಯ್ತು. ಕ್ಲೆಲಿ, ನೀನು ಮೊಟ್ಟೆ ಒಡಿ ಬಾ."

ಕ್ಲೆಲಿ ನಾಲ್ಕು ಮೊಟ್ಟೆ ಒಡೆದಳು. ಆಮೇಲೆ ಕೇಳಿದಳು: "ಅಜ್ಜಿ, ನನ್ನ ಕಿವಿ ಸರಿಯಿಲ್ವಾ?"

"ಕಿವಿಗೇನಾಗಿದೆ? ತುಂಬಾ ಹಿಂದೆ ಅಮೀ ಅನ್ನೋದರ ಕೊನೇಲಿ ಇನ್ನೊಂದು ಪುಟ್ಟ ಸ್ವರ ಇತ್ತು. ಬರ್ತಾ ಬರ್ತಾ ಜನ ಅದನ್ನ ನುಂಗಿಬಿಟ್ರು. ಹೋಗ್ತಾ ಅದು ತನ್ನ ಪಾಲಿನ ಹೊತ್ತನ್ನ ಪಕ್ಕದ ಸ್ವರಕ್ಕೆ ಕೊಟ್ಟುಹೋಯ್ತು. ಅದಕ್ಕೇ ಎಳೀತೀವಿ." ಅಜ್ಜಿ ಮೂವತ್ತು ವರ್ಷ ಟೀಚರ್ ಆಗಿದ್ದವರು.

"ಪ್ಯಾರಿಸ್‌ನಲ್ಲಿ?"

"ಅಲ್ಲೂ ಎಳೀತಿದ್ರು. ಆಮೇಲೆ ಬಿಟ್ಟುಬಿಟ್ರು. ಈಗ ಬರೆಯೋವಾಗ ಮಾತ್ರ ಆ ಸ್ವರದ ಅಕ್ಷರ ಉಳಿದಿದೆ."

ವಾಫಲ್ ತಿಂದ ಮೇಲೆ ತಿಬೋ ಒಂದು ಆಟ ಶುರುಮಾಡಿದ. ಅಮಿ ಅಂದರೆ ಹುಡುಗರು ಓಡಬೇಕು, ಅಮೀ ಅಂದರೆ ಹುಡುಗಿಯರು. ಕ್ಲೆಲಿ ತಪ್ಪು ಹೊತ್ತಿಗೇ ಓಡಿದಳು, ಮೂರು ಸಲ. ಮೂರನೇ ಸಲ ಒದೀಲ್‌ಗೂ ನಗು ತಡೆಯಲಾಗಲಿಲ್ಲ. "ಕಣ್ಣು ಮುಚ್ಚಿಕೊಂಡು ಕೇಳು," ಅಂದಳು. ಕ್ಲೆಲಿ ಕಣ್ಣು ಮುಚ್ಚಿದಳು. ಏಳನೇ ಸಲಕ್ಕೆ ಎಲ್ಲರಿಗಿಂತ ಮೊದಲು ಓಡಿದವಳು ಅವಳೇ.

ಸಂಜೆ ಮನೆಯಲ್ಲಿ ಅಮ್ಮ ಕೇಳಿದಳು: "ಚೆನ್ನಾಗಿತ್ತಾ? ನಿನ್ನ ಅಮಿ ಎಲ್ಲ ಬಂದಿದ್ರಾ?"

ಕ್ಲೆಲಿ ಕೋಟು ಬಿಚ್ಚುತ್ತಿದ್ದವಳು ನಿಂತಳು. ಅಮ್ಮ ಕೇಳಿದ್ದು ಹುಡುಗರನ್ನೋ, ಹುಡುಗಿಯರನ್ನೋ? ಅಮ್ಮನ ಮಾತು ಇಷ್ಟು ಗಿಡ್ಡ ಅಂತ ಇದುವರೆಗೆ ಅವಳಿಗೆ ಅನಿಸಿರಲೇ ಇಲ್ಲ.

"ಯಾಕೆ ಹಾಗೆ ನೋಡ್ತೀಯ?"

"ಏನಿಲ್ಲ ಅಮ್ಮಾ," ಅಂದಳು ಕ್ಲೆಲಿ. "ಎರಡು ಥರದೋರೂ ಬಂದಿದ್ರು."