ಕೆಕ್ಕೊ ಎಂಬ ಮಾತು

ಜರ್ಮನಿಯ ಆ ಜಪಾನಿ ಭಾಷಾಶಾಲೆಯ ಬಾಗಿಲಲ್ಲಿ ಮೊಣಕಾಲೂರಿ ಕುಳಿತು ನಿಶ್ಚಿತಾ ಯಾರದೋ ಕಪ್ಪು ಶೂಗಳನ್ನು ಹೊರಮುಖವಾಗಿ ತಿರುಗಿಸಿ ಇಡುತ್ತಿದ್ದಳು. ಜಪಾನೀಯರ ಮನೆಯಲ್ಲಿ ಪಾದರಕ್ಷೆ ಹಾಗೇ ಇರಬೇಕಂತೆ. ಅಂದು ಆ ಕೆಲಸದ ಸರದಿ ಅವಳದು.

"ಅಯ್ಯೋ, ಬೇಡ... ಮುಟ್ಟಬೇಡಿ."

ಕನ್ನಡ!

ಅವಳು ತಲೆಯೆತ್ತಿದಳು. ಎತ್ತರದ ಯುವಕನೊಬ್ಬ ಬರೀ ಕಾಲುಚೀಲದಲ್ಲಿ ನಿಂತಿದ್ದ. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ತಾಯ್ನುಡಿ. ಸರಕ್ಕನೆ ಬಗ್ಗಿ ಅವಳ ಕೈಯನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡ. ಕಾಲು ತಾಗಿದರೆ ನಮ್ಮವರು ಮಾಡುವ ಹಾಗೆ.

ಆ ಒಂದು ಸ್ಪರ್ಶಕ್ಕೆ ಅವಳ ಎದೆ ಏಕೆ ಹಾಗೆ ನಡುಗಿತೋ...

"ನಾನು ಉಡುಪಿಯವಳು" ಎಂದಳು ಮೆಲ್ಲಗೆ.

ಅವನ ಮುಖ ಅರಳಿತು. ಹೆಸರು ಯಶವಂತ್, ಊರು ಮೈಸೂರು ಎಂದ.

ನಿಶ್ಚಿತಾ ಊರಿನ ಕಾಲೇಜಿನಲ್ಲಿ ಜಪಾನಿ ಭಾಷೆ ಓದುತ್ತಿದ್ದಳು. ಜಪಾನೀಯರು ಬಹಳ ಮಂದಿ ನೆಲೆಸಿರುವ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದಲ್ಲಿ ಆರು ವಾರ ಅವರ ಭಾಷೆ, ನಡೆನುಡಿ ಕಲಿಯಲು ವಿದ್ಯಾರ್ಥಿವೇತನ ಸಿಕ್ಕಿತ್ತು. ಹೊರಡುವಾಗ ಚಿಕ್ಕಮ್ಮ ನಕ್ಕಿದ್ದರು. ಜಪಾನಿ ಕಲಿಯಲಿಕ್ಕೆ ಜರ್ಮನಿಗೆ ಹೋಗುವುದೆಂದರೆ ಮೀನು ತರಲಿಕ್ಕೆ ತೆಂಗಿನ ಮರ ಹತ್ತಿದ ಹಾಗೆ, ಎಂದಿದ್ದರು.

ಯಶವಂತ್ ಅದೇ ದೇಶದ ದೂರದ ರೇಗನ್ಸ್‌ಬರ್ಗ್‌ನಲ್ಲಿ ಇಂಜಿನಿಯರ್. ಕಂಪನಿ ಅವನನ್ನು ಮೂರು ವರ್ಷಕ್ಕೆ ಜಪಾನಿನ ನಗೋಯಾಕ್ಕೆ ಕಳಿಸುವುದಿತ್ತು. ಅದಕ್ಕಾಗಿ ಈ ತರಗತಿ. ತಂದೆಯನ್ನು ಕಂಡ ನೆನಪೇ ಅವನಿಗಿಲ್ಲ. ತಾಯಿ ಹೋದ ವರ್ಷ ತೀರಿಕೊಂಡಿದ್ದರು. ಇಲ್ಲಿನ ಬಾಡಿಗೆ ಕೋಣೆಯಲ್ಲಿ ಅವರ ಪಟದ ಮುಂದೆ ದೀಪ ಹಚ್ಚಿಯೇ ದಿನವೂ ತರಗತಿಗೆ ಬರುತ್ತಿದ್ದ.

ದುಃಖವಿದ್ದವರ ಪಕ್ಕದಲ್ಲಿ ಸುಮ್ಮನೆ ಕೂರುವುದೂ ಒಂದು ಸೇವೆಯೇ. ನಿಶ್ಚಿತಾಗೆ ಅದು ಬರುತ್ತಿತ್ತು. ಮಧ್ಯಾಹ್ನ ರೈನ್ ನದಿಯ ದಂಡೆಯಲ್ಲಿ ಇಬ್ಬರೂ ಮೊಸರನ್ನ ಹಂಚಿಕೊಳ್ಳುತ್ತಿದ್ದರು. ಮಾತಿಗೊಮ್ಮೆ ಅವಳು "ಎಂತ" ಎಂದರೆ ಅದು ಎಷ್ಟನೆಯ ಸಲವೆಂದು ಅವನು ಎಣಿಸಿ ಹೇಳುವನು. ಅವನ ಜಪಾನಿಯಲ್ಲೂ ಮೈಸೂರಿನ ರಾಗವಿದೆ ಎಂದು ಅವಳು ಹಂಗಿಸುವಳು.

ಆರನೆಯ, ಕೊನೆಯ ವಾರ, ಯಶವಂತ್ ಕೆಲಸದ ಮೇಲೆ ತರಗತಿ ತಪ್ಪಿಸಿದ್ದ ಒಂದು ಬೆಳಗ್ಗೆ, ಜಪಾನೀಯರ ಚಹಾ ವಿಧಿಯ ಪಾಠವಾಯಿತು. ಚಹಾ ಕುಡಿದ ಅತಿಥಿ ಅದನ್ನು 'ಕೆಕ್ಕೊ ದೆಸ್' ಎಂದು ಹೊಗಳಬೇಕು, ಅಂದರೆ ಬಹಳ ಸೊಗಸಾಗಿದೆ, ಎಂದು ಶಿಕ್ಷಕಿ ಕಲಿಸಿದರು. ಆ ಪದ ನಿಶ್ಚಿತಾಗೆ ತುಂಬಾ ಹಿಡಿಸಿತು.

ಅಂದು ಸಂಜೆ ಇಬ್ಬರೂ ನದಿಯ ದಂಡೆಯಲ್ಲಿ ಕುಳಿತಿದ್ದರು. ಬಾಯಿಪಾಠ ಒಪ್ಪಿಸುವ ಹುಡುಗನಂತೆ ಯಶವಂತ್ ಜಪಾನಿಯಲ್ಲಿ ಒಂದೇ ವಾಕ್ಯ ಕೇಳಿದ.

ನನ್ನ ಜೊತೆ ನಗೋಯಾಕ್ಕೆ ಬರುವುದಿಲ್ಲವೇ?

ದೇವರೇ, ಇದಕ್ಕೇ ಅಲ್ಲವೇ ನಾನು ಕಾದಿದ್ದು... ತನಗೆ ಗೊತ್ತಿದ್ದ ಅತ್ಯಂತ ಸುಂದರವಾದ ಪದವನ್ನು ಹುಡುಕಿ, ತಲೆ ತಗ್ಗಿಸಿ ಹೇಳಿದಳು.

"ಕೆಕ್ಕೊ ದೆಸ್."

ಅವನ ಮುಖ ಬಾಡಿತು. ತಲೆಬಾಗಿ ನಮಿಸಿ, ಕತ್ತಲಾಗುತ್ತದೆ ಎಂದು ಹೇಳಿ ಎದ್ದ. ನಾಚಿಕೆಯಲ್ಲಿ ತಲೆ ತಗ್ಗಿಸಿದ್ದ ನಿಶ್ಚಿತಾ ಆ ಬಾಡಿದ ಮುಖವನ್ನು ನೋಡಲೇ ಇಲ್ಲ.

ಮರುದಿನ ಅವನು ಬರಲಿಲ್ಲ. ಕೆಲಸದ ನಿಮಿತ್ತ ರೇಗನ್ಸ್‌ಬರ್ಗ್‌ಗೆ ಮರಳಿದರು ಎಂದು ಕಚೇರಿಯವರು ತಿಳಿಸಿದರು.

ಕೇಳಿದವರೇ ಹಿಂದೆ ಸರಿದರಾ? ಅಷ್ಟು ಬೇಗ ಒಪ್ಪಿದ್ದಕ್ಕೆ ನನ್ನನ್ನು ಹಗುರವಾಗಿ ಕಂಡರಾ? ಫೋನ್ ಮಾಡಲು ಮಾನ ಅಡ್ಡ ಬಂತು. ಭಾನುವಾರ ಅವಳ ವಿಮಾನ. ಮುಂದಿನ ತಿಂಗಳು ಅವನದು ಇನ್ನೊಂದು ದಿಕ್ಕಿಗೆ. ಈಗ ತಪ್ಪಿದರೆ ಇಬ್ಬರೂ ಮತ್ತೆ ಎಲ್ಲಿ ಸೇರುವುದು?

ಶುಕ್ರವಾರ ತರಗತಿ ಮುಗಿಯಿತು. ಶಿಕ್ಷಕಿ ಬೀಳ್ಕೊಡಲು ಅವಳಿಗೆ ಚಹಾ ಕೊಟ್ಟರು. ಇನ್ನೊಂದು ಬಟ್ಟಲು ಬೇಕೇ ಎಂದು ಕೇಳಿದಾಗ ನಿಶ್ಚಿತಾ ಆಸೆಯಿಂದ "ಕೆಕ್ಕೊ ದೆಸ್" ಎಂದಳು.

ಅವರು ಚಹಾದ ಹೂಜಿಯನ್ನು ಎತ್ತಿಟ್ಟುಬಿಟ್ಟರು.

ಅವಳು ಬೆರಗಾದಳು. ಕೇಳಿದಾಗ ಶಿಕ್ಷಕಿ ನಗುತ್ತ ವಿವರಿಸಿದರು. ಕುಡಿದಾದ ಮೇಲೆ ಹೇಳಿದರೆ ಅದು ಹೊಗಳಿಕೆ. ಬೇಕೇ ಎಂದು ಕೇಳಿದಾಗ ಹೇಳಿದರೆ, ನನಗೆ ಬೇಡ ಎಂದರ್ಥ. ಊಟದಲ್ಲಿ ಬಡಿಸಲು ಬಂದವರಿಗೆ 'ಚೆನ್ನಾಗಿತ್ತು' ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿದ ಹಾಗೆ!

ನಿಶ್ಚಿತಾ ಕುಳಿತಲ್ಲೇ ಕಲ್ಲಾದಳು. ನಾನು ಅವರಿಗೆ ಬೇಡ ಎಂದೆನೇ?

ಶನಿವಾರ ಬೆಳಗ್ಗೆಯೇ ರೈಲು ಹತ್ತಿದಳು. ದಾರಿಯಲ್ಲಿ ಫೋನ್ ಮಾಡಿ, ಮಧ್ಯಾಹ್ನ ರೇಗನ್ಸ್‌ಬರ್ಗ್‌ನ ಮುಖ್ಯ ರೈಲು ನಿಲ್ದಾಣಕ್ಕೆ ಬನ್ನಿ ಎಂದಷ್ಟೇ ಹೇಳಿದಳು. ಐದು ಗಂಟೆಯ ಪಯಣವಿಡೀ ದೇವರ ನಾಮ ಬಿಟ್ಟು ಬೇರೇನೂ ಅವಳ ತುಟಿಗೆ ಬರಲಿಲ್ಲ.

ರೇಗನ್ಸ್‌ಬರ್ಗ್‌ನ ಪ್ಲಾಟ್‌ಫಾರ್ಮಿನಲ್ಲಿ ಅವನು ನಿಂತಿದ್ದ. ಕಣ್ಣು ಸೊರಗಿತ್ತು. ಇಬ್ಬರೂ ಬೆಂಚಿನ ಮೇಲೆ ಕುಳಿತರು. ಅವಳು ಚಹಾದ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಅವನು ಕಣ್ಣು ಮುಚ್ಚಿಕೊಂಡ. ಕಂಪನಿಯ ಜಪಾನೀಯರು ಊಟದಲ್ಲಿ ಬೇಡವೆನ್ನಲು ಅದನ್ನೇ ಹೇಳುವರು, ತಾನು ಕಲಿತದ್ದು ಅದೊಂದೇ ಅರ್ಥ, ಎಂದ.

"ಅಲ್ಲ ಮಾರಾಯ್ರೆ, ಇಬ್ಬರಿಗೂ ಕನ್ನಡ ಬರುವಾಗ ಅದನ್ನು ಜಪಾನಿಯಲ್ಲಿ ಎಂತಕ್ಕೆ ಕೇಳಿದ್ದು?"

ಯಶವಂತ್ ಹಳಿಗಳ ಕಡೆ ನೋಡುತ್ತಲೇ ಹೇಳಿದ.

"ಕನ್ನಡದಲ್ಲಿ ಆ ಮಾತನ್ನ ಅಮ್ಮ ಕೇಳಬೇಕಿತ್ತು. ನಿಮ್ಮ ಮನೆಗೆ ಬಂದು, ಹೂವು ಹಣ್ಣು ಇಟ್ಟು... ನಮ್ಮ ಕಡೆಯಿಂದ ಈಗ ಕೇಳೋರು ಯಾರೂ ಇಲ್ಲ. ಬಾಯೇ ಬರಲಿಲ್ಲ ನಂಗೆ. ಅದಕ್ಕೇ ಬೇರೆ ಭಾಷೆ ಹಿಡಿದೆ."

ಅವಳ ಕಣ್ಣು ತುಂಬಿತು. ಹೋದವರನ್ನು ಮರಳಿ ತರಲು ಯಾರಿಂದಾದೀತು? ಆದರೆ ಅವರು ಮಾಡಬೇಕಿದ್ದ ಕೆಲಸವನ್ನು ಇನ್ನೊಬ್ಬರು ಮಾಡಬಹುದು.

ಅವಳು ದುಪಟ್ಟಾ ಸರಿಪಡಿಸಿಕೊಂಡು, ಹಿರಿಯರಂತೆ ನೆಟ್ಟಗೆ ಕುಳಿತಳು.

"ಹಾಗಾದರೆ ಹೆಣ್ಣಿನ ಕಡೆಯಿಂದ ನಾನೇ ಕೇಳ್ತೇನೆ. ಉಡುಪಿಯಲ್ಲಿ ನಮ್ಮದೊಂದು ಹುಡುಗಿ ಇದ್ದಾಳೆ. ಸ್ವಲ್ಪ ದಡ್ಡಿ. ಮಾಡಿಕೊಳ್ತೀರಾ?"

ಅವನು ನಕ್ಕ. ಜೊತೆಗೇ ಕಣ್ಣೊರೆಸಿಕೊಂಡ.

"ಹುಡುಗಿಗೆ ಒಪ್ಪಿಗೆ ಇದೆಯಾ?"

"ಅದನ್ನು ನನ್ನ ಹತ್ತಿರ ಕೇಳಿದರೆ? ಹುಡುಗಿಯನ್ನೇ ಕೇಳಿ."

ಅವನು ಅವಳ ಕಡೆ ತಿರುಗಿದ. ಈ ಸಲ ಮಾತು ತಡವರಿಸಲಿಲ್ಲ.

"ನಿಶ್ಚಿತಾ, ನನ್ನ ಜೊತೆ ಬರ್ತೀಯಾ?"

"ಬರ್ತೇನೆ."